ಕ್ಯಾಟ್ ಟೂರ್ನಿಕೆಟ್, ಏಳನೇ ಆವೃತ್ತಿ: ಕೈಕಾಲಿಗೆ ಪಕ್ಕಾ, ಅದರಾಚೆ ಏನೂ ಇಲ್ಲ

ಅಮೆರಿಕದ ಸೇನೆ 2005ರಿಂದ ತನ್ನ ಸೈನಿಕರಿಗೆ ಹಂಚತೊಡಗಿದ, ಕೈಕಾಲಿಗೆ ಬಿಗಿದು ರಕ್ತ ನಿಲ್ಲಿಸುವ ಪಟ್ಟಿ (ಟೂರ್ನಿಕೆಟ್) ಇದು; ಕ್ಯಾಟ್ ಎಂದರೆ ‘ಕಾಂಬ್ಯಾಟ್ ಅಪ್ಲಿಕೇಶನ್ ಟೂರ್ನಿಕೆಟ್’. ಒಂದೂವರೆ ಇಂಚು ಅಗಲದ ನೈಲಾನ್ ಪಟ್ಟಿ, ಬಕಲ್, ತಿರುಚುವ ಪ್ಲಾಸ್ಟಿಕ್ ಕಡ್ಡಿ, ಕಡ್ಡಿಯನ್ನು ಕೂರಿಸುವ ಕ್ಲಿಪ್, ಕಟ್ಟಿದ ಸಮಯ ಬರೆಯಲು ಬೂದು ಬಣ್ಣದ ತುಂಡು. ತೂಕ 80 ಗ್ರಾಂ ಒಳಗೆ. ಗಾಯಗೊಂಡವನೇ ಒಂದು ಕೈಯಲ್ಲಿ ಕಟ್ಟಿಕೊಳ್ಳಬಹುದು.

ಇರಾಕ್, ಅಫ್ಘಾನಿಸ್ತಾನಗಳಲ್ಲಿ ಅಮೆರಿಕದ ಸೈನಿಕರಿಗಾದ ಗಾಯಗಳಲ್ಲಿ ಮುಕ್ಕಾಲು ಪಾಲು ಸ್ಫೋಟದವು. ಎದೆ, ಹೊಟ್ಟೆಗೆ ಕವಚವಿತ್ತು, ಕೈಕಾಲಿಗೆ ಇರಲಿಲ್ಲ. ಹಾಗಾಗಿ ಅರ್ಧಕ್ಕಿಂತ ಹೆಚ್ಚು ಗಾಯ ಕೈಕಾಲಿನಲ್ಲೇ. 2006ರಲ್ಲಿ ಬಾಗ್ದಾದ್‌ನ ಸೇನಾ ಆಸ್ಪತ್ರೆಯೊಂದರಲ್ಲಿ ನಡೆದ ಅಧ್ಯಯನದಲ್ಲಿ, ಆಘಾತಕ್ಕೆ (ಶಾಕ್, ಅಂದರೆ ರಕ್ತ ಕಳೆದು ಅಂಗಗಳಿಗೆ ರಕ್ತ ಸಾಲದಾಗುವ ಸ್ಥಿತಿ) ಜಾರುವ ಮೊದಲೇ ಟೂರ್ನಿಕೆಟ್ ಬಿಗಿಸಿದವರಲ್ಲಿ ಸುಮಾರು 90% ಜನ ಉಳಿದರು. ಜಾರಿದ ಮೇಲೆ ಬಿಗಿಸಿದವರಲ್ಲಿ ಸುಮಾರು 10%. ಈ ಸರಕಿನ ಬೆಲೆ ಇರುವುದು ಆ ಅಂತರದಲ್ಲಿ.

ಕೆಡುವುದು ಹೆಚ್ಚಾಗಿ ಒಂದೇ ಕಡೆ: ಕಡ್ಡಿ ತಿರುಗಿಸುವ ಮೊದಲು ಪಟ್ಟಿಯನ್ನು ಎಳೆಯದೇ ಬಿಡುವುದು. ಪಟ್ಟಿಯಡಿ ಬೆರಳ ತುದಿಯೂ ತೂರಬಾರದು, ಅಷ್ಟು ಎಳೆದು ವೆಲ್ಕ್ರೋ ಒತ್ತಬೇಕು. ಹಾಗೆ ಎಳೆದಿದ್ದರೆ ಸಾಮಾನ್ಯವಾಗಿ ಮೂರು ಸುತ್ತಿನೊಳಗೆ ರಕ್ತ ನಿಲ್ಲುತ್ತದೆ. ಸಡಿಲವಿದ್ದರೆ ಸುತ್ತಿದಷ್ಟೂ ಪಟ್ಟಿ ಮುದ್ದೆಯಾಗುತ್ತದೆ, ಕಡ್ಡಿ ಬಾಗುತ್ತದೆ. ಅರೆಬಿಗಿ ಇನ್ನೂ ಕೆಟ್ಟದ್ದು: ರಕ್ತವನ್ನು ಹೃದಯಕ್ಕೆ ಮರಳಿಸುವ ಅಭಿಧಮನಿ ಮುಚ್ಚಿ, ಹೃದಯದಿಂದ ತರುವ ಅಪಧಮನಿ ತೆರೆದೇ ಇರುತ್ತದೆ, ಸೋರಿಕೆ ಹೆಚ್ಚುತ್ತದೆ. ನೋವಿಗೆ ಕಿರುಚಿದನೆಂದು ಸಡಿಲಿಸಬೇಡಿ. ಗುಂಡು ಹಾರುತ್ತಿದ್ದರೆ ಬಟ್ಟೆಯ ಮೇಲೇ, ಆದಷ್ಟು ಮೇಲಕ್ಕೆ. ಮರೆ ಸಿಕ್ಕ ಮೇಲೆ ಬಟ್ಟೆ ಕತ್ತರಿಸಿ, ಗಾಯಕ್ಕಿಂತ ಎರಡು ಮೂರು ಇಂಚು ಮೇಲೆ, ನೇರ ಚರ್ಮಕ್ಕೆ; ಕೀಲಿನ ಮೇಲೆ ಅಲ್ಲ. ಗಾಯದ ಕೆಳಗಿನ ನಾಡಿ ಇನ್ನೂ ಮಿಡಿಯುತ್ತಿದ್ದರೆ ಪಕ್ಕದಲ್ಲೇ ಎರಡನೆಯದನ್ನು ಕಟ್ಟಿ. ಹಳೆಯ ಆವೃತ್ತಿಯಲ್ಲಿ ಕಾಲಿಗೆ ಕಟ್ಟುವಾಗ ಪಟ್ಟಿಯನ್ನು ಬಕಲಿನಲ್ಲಿ ಎರಡು ಸಲ ಪೋಣಿಸಬೇಕಿತ್ತು. ಏಳನೆಯದರಲ್ಲಿ ಒಂದೇ ಸಲ. ರಕ್ತ ಮೆತ್ತಿದ ಬೆರಳುಗಳಿಗೆ ಇದು ದೊಡ್ಡ ಉಪಕಾರ.

ಇನ್ನು ಕೊರತೆ. 2001ರಿಂದ 2011ರವರೆಗಿನ 4,596 ಅಮೆರಿಕನ್ ಸೈನಿಕರ ಸಾವುಗಳನ್ನು ಪರಿಶೀಲಿಸಿದಾಗ 87% ಜನ ಆಸ್ಪತ್ರೆ ಮುಟ್ಟುವ ಮೊದಲೇ ಸತ್ತಿದ್ದರು. ಇವರಲ್ಲಿ ಉಳಿಸಬಹುದಿತ್ತೇನೋ ಎನ್ನುವವರು ಸುಮಾರು ಕಾಲು ಭಾಗ. ಆ ಕಾಲು ಭಾಗದಲ್ಲೂ ಹತ್ತರಲ್ಲಿ ಒಂಬತ್ತು ಸಾವು ರಕ್ತಸ್ರಾವದ್ದು. ರಕ್ತ ಹರಿದದ್ದು ಮೂರರಲ್ಲಿ ಎರಡು ಪಾಲು ಮುಂಡದಿಂದ, 19% ತೊಡೆಸಂದು, ಕಂಕುಳು, ಕತ್ತಿನಂಥ ಕಡೆಗಳಿಂದ, ಕೈಕಾಲಿನಿಂದ ಬರೀ 13.5%. ತೊಡೆಸಂದಿಗೆ ಕ್ಯಾಟ್ ಕೂರುವುದೇ ಇಲ್ಲ. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಗಾಜ್ ಬಟ್ಟೆ ತುರುಕಿ ಮೂರು ನಿಮಿಷ ಒತ್ತಿ ಹಿಡಿಯಬೇಕು. ಹೊಟ್ಟೆಯೊಳಗಿನ ಸ್ರಾವಕ್ಕೆ ರಕ್ತ ಕೊಡುವುದು, ಬೇಗ ಶಸ್ತ್ರಚಿಕಿತ್ಸೆಗೆ ಒಯ್ಯುವುದು, ಇಷ್ಟೇ ದಾರಿ.

ಉಕ್ರೇನ್ ಯುದ್ಧ ಇನ್ನೊಂದು ಮಿತಿ ತೋರಿಸಿದೆ. ಡ್ರೋನ್‌ಗಳ ಭಯಕ್ಕೆ ಗಾಯಾಳುಗಳನ್ನು ಗಂಟೆಗಟ್ಟಲೆ ಸಾಗಿಸಲಾಗುವುದಿಲ್ಲ. ಕಟ್ಟಿದ್ದು ಹಾಗೇ ಉಳಿದು ಕಾಲು ಕಳೆದುಕೊಳ್ಳುವವರಿದ್ದಾರೆ. ರೋಗಿ ಆಘಾತದಲ್ಲಿಲ್ಲದಿದ್ದರೆ, ಗಾಯದ ಮೇಲೆ ಕಣ್ಣಿಡಲು ಆಗುವುದಾದರೆ, ಎರಡು ಗಂಟೆಯೊಳಗೆ ಟೂರ್ನಿಕೆಟ್ ತೆಗೆದು ಒತ್ತುಪಟ್ಟಿಗೆ (ಗಾಯವನ್ನೇ ಒತ್ತಿ ಹಿಡಿಯುವ ಬ್ಯಾಂಡೇಜ್) ಬದಲಿಸಬೇಕು. ಆರು ಗಂಟೆ ದಾಟಿದ್ದರೆ ಆಸ್ಪತ್ರೆಯ ಹೊರಗೆ ಬಿಚ್ಚಬಾರದು. ಆ ಬೂದು ತುಂಡಿನ ಮೇಲೆ ಸಮಯ ಬರೆಯದೇ ಈ ಲೆಕ್ಕ ನಡೆಯದು.

ಕೊಳ್ಳುವುದಾದರೆ ಅಧಿಕೃತ ಮಾರಾಟಗಾರರಿಂದಲೇ, ಎರಡಾದರೂ. ನಕಲಿಗಳ ಕಡ್ಡಿ ಬಿಗಿ ಬರುವ ಮೊದಲೇ ಬಾಗುತ್ತದೆ ಅಥವಾ ಮುರಿಯುತ್ತದೆ. ಅಭ್ಯಾಸಕ್ಕೆ ನೀಲಿ ಬಣ್ಣದ್ದು ಬೇರೆಯೇ ಸಿಗುತ್ತದೆ. ಅಭ್ಯಾಸದಲ್ಲಿ ತಿರುಚಿ ತಿರುಚಿ ಸವೆದದ್ದನ್ನು, ಬಿಸಿಲಿನಲ್ಲಿ ಕವಚದ ಮೇಲೆ ತಿಂಗಳುಗಟ್ಟಲೆ ನೇತಾಡಿದ್ದನ್ನು ಕಿಟ್‌ಗೆ ಹಾಕಬೇಡಿ.