ಬೆಳಿಗ್ಗೆ ಇಟ್ಟು ಹೋದರೆ ಸಂಜೆಗೆ ಬಿಸಿ ಊಟ: ಸ್ಲೋ ಕುಕರ್ ಜೊತೆ ಒಂದು ಚಳಿಗಾಲ

ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ನವೆಂಬರ್ ಬಂತು ಅಂದ್ರೆ ಸಂಜೆ ಐದಕ್ಕೆಲ್ಲ ಪೂರ್ತಿ ಕತ್ತಲು. ನಾವಿಬ್ಬರೂ ಕೆಲಸ ಮುಗಿಸಿ, ಬಸ್ಸಿಳಿದು, ಏರು ಹತ್ತಿ ಮನೆ ಸೇರುವ ಹೊತ್ತಿಗೆ ಆರೂವರೆ. ಆಗ ಈರುಳ್ಳಿ ಹೆಚ್ಚುತ್ತಾ ನಿಲ್ಲೋ ಮನಸ್ಸು ಯಾರಿಗಿರುತ್ತೆ? ಎರಡು ವರ್ಷ ಫ್ರೀಜರ್‌ನಿಂದ ಏನನ್ನಾದರೂ ತೆಗೆದು ಬಿಸಿ ಮಾಡಿಕೊಂಡು ತಿಂದಿದ್ದೇ ಜಾಸ್ತಿ. ಕಳೆದ ಅಕ್ಟೋಬರ್‌ನಲ್ಲಿ 28 ಪೌಂಡ್ ಕೊಟ್ಟು ಒಂದು ಸ್ಲೋ ಕುಕರ್ ತಂದೆವು. ಚಳಿಗಾಲ ಪೂರ್ತಿ ವಾರಕ್ಕೆ ಮೂರು ನಾಲ್ಕು ಸಲ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಬ್ರ್ಯಾಂಡ್ ಹೆಸರು ಬೇಡ. ಈ ಬೆಲೆಯಲ್ಲಿ ಸಿಗೋದೆಲ್ಲ ಹೆಚ್ಚುಕಮ್ಮಿ ಒಂದೇ ಥರ ಇರುತ್ತವೆ.

ಗೊತ್ತಿಲ್ಲದವರಿಗೆ: ಇದು ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟ್ ಕುಕರ್. ಒಳಗೆ ಪಿಂಗಾಣಿಯ ದಪ್ಪ ಪಾತ್ರೆ, ಹೊರಗೆ ಅದನ್ನು ಬಿಸಿ ಮಾಡುವ ಡಬ್ಬ, ಮೇಲೆ ಗಾಜಿನ ಮುಚ್ಚಳ. ಒಂದೇ ಗುಂಡಿ. ಲೋ, ಹೈ, ವಾರ್ಮ್, ಅಷ್ಟೇ. ನಮ್ಮದು 3.5 ಲೀಟರ್, 200 ವಾಟ್. ಅಂದ್ರೆ ಹಳೇ ಕಾಲದ 100 ವಾಟ್ ಬಲ್ಬ್ ಎರಡು ಉರಿದಷ್ಟು. ಎಂಟು ಗಂಟೆ ಇಟ್ಟರೂ ಹೆಚ್ಚೆಂದರೆ ಒಂದೂವರೆ ಯೂನಿಟ್ ಚಿಲ್ಲರೆ. ಇಲ್ಲಿಯ ಕರೆಂಟ್ ಬಿಲ್ ನೋಡಿದವರಿಗೆ ಇದು ಸಣ್ಣ ವಿಷಯ ಅಲ್ಲ.

ಮೊದಲ ವಾರ ನಿರಾಸೆ ಆಯ್ತು. ಗ್ಯಾಸ್ ಮೇಲೆ ಮಾಡುವ ಅಂದಾಜಿನಲ್ಲೇ ನೀರು ಹಾಕಿದ್ದೆ. ಸಂಜೆ ಮುಚ್ಚಳ ತೆಗೆದರೆ ಸ್ಟ್ಯೂ ಬದಲು ತಿಳಿ ನೀರು, ಅದರಲ್ಲಿ ತೇಲುವ ಕ್ಯಾರೆಟ್. ಕಾರಣ ಆಮೇಲೆ ಹೊಳೆಯಿತು. ಇದರಲ್ಲಿ ಆವಿ ಹೊರಗೆ ಹೋಗುವುದೇ ಇಲ್ಲ, ಮುಚ್ಚಳಕ್ಕೆ ತಾಗಿ ಮತ್ತೆ ಒಳಗೇ ಬೀಳುತ್ತೆ, ಜೊತೆಗೆ ತರಕಾರಿಯೂ ನೀರು ಬಿಡುತ್ತೆ. ಈಗ ಮಾಂಸ ಪೂರ್ತಿ ಮುಳುಗುವಷ್ಟು ನೀರು ಹಾಕುವುದೇ ಇಲ್ಲ. ತುಂಡುಗಳನ್ನು ಒಂದು ಚಮಚ ಮೈದಾದಲ್ಲಿ ಹೊರಳಿಸಿ ಬಾಣಲೆಯಲ್ಲಿ ಕೆಂಪಗೆ ಹುರಿದು ಹಾಕುತ್ತೇನೆ, ಒಂದು ಹಿಡಿ ಬಾರ್ಲಿ ಸೇರಿಸುತ್ತೇನೆ. ಗ್ರೇವಿ ತಾನಾಗೇ ಗಟ್ಟಿಯಾಗುತ್ತೆ. ಈ ಹುರಿಯುವ ಹತ್ತು ನಿಮಿಷ ಬೆಳಿಗ್ಗೆ ಕಷ್ಟವೇ, ಆದರೆ ಬಿಡಬೇಡಿ. ಹುರಿಯದೆ ಹಾಕಿದ ಸಾಸೇಜ್ ಬೆಳ್ಳಗೆ, ಮೆತ್ತಗೆ ಇರುತ್ತೆ, ನೋಡಿದರೇ ತಿನ್ನೋಕೆ ಮನಸ್ಸಾಗಲ್ಲ.

ಈ ಪಾತ್ರೆ ಯಾವ ಅಡುಗೆಗೆ ಹುಟ್ಟಿದ್ದು ಅಂತ ನನಗೆ ಅರ್ಥವಾಗಿದ್ದು ಲ್ಯಾಂಕಷೈರ್ ಹಾಟ್‌ಪಾಟ್ ಮಾಡಿದಾಗ. ಕುರಿಯ ಕತ್ತಿನ ಮಾಂಸ, ಈರುಳ್ಳಿ, ಮೇಲೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ ಆಲೂಗಡ್ಡೆ. ಅಷ್ಟೇ ಅದು. ವಾಯವ್ಯ ಇಂಗ್ಲೆಂಡಿನ ಲ್ಯಾಂಕಷೈರ್‌ನ ಹತ್ತಿ ಗಿರಣಿಗಳ ಊರುಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಮಣ್ಣಿನ ಪಾತ್ರೆಯನ್ನು ಸಣ್ಣ ಕಾವಿನ ಒಲೆಯಲ್ಲಿ ಇಟ್ಟು ಹೋಗುತ್ತಿದ್ದರು ಅಂತ ಹೇಳುತ್ತಾರೆ. ಯೋಚಿಸಿ ನೋಡಿ, ನಮ್ಮದೂ ಅದೇ ಪಾಡು ಅಲ್ವಾ? ದಿನವಿಡೀ ಮನೆಯಲ್ಲಿ ಇಲ್ಲದವರು ಕಟ್ಟಿಕೊಂಡ ಅಡುಗೆ ಇದು. ಬ್ರಿಟಿಷ್ ಊಟ ಸಪ್ಪೆ, ರುಚಿಯೇ ಇಲ್ಲ ಅಂತ ನಮ್ಮವರು ಹೇಳುವುದನ್ನು ಕೇಳಿದ್ದೇನೆ, ನಾನೂ ಹೇಳಿದ್ದೇನೆ. ಈಗ ಹೇಳಲ್ಲ. ಇಲ್ಲಿ ರುಚಿ ಮಸಾಲೆಯಿಂದಲ್ಲ, ಹೊತ್ತಿನಿಂದ ಬರುತ್ತೆ. ಕತ್ತಿನ ಮಾಂಸ ಅಗ್ಗ, ಗಟ್ಟಿ, ನಾರು ಜಾಸ್ತಿ. ಆ ನಾರು ಗಂಟೆಗಟ್ಟಲೆ ಸಣ್ಣ ಕಾವಿನಲ್ಲಿ ಕೂತು ಕರಗಿ, ರಸಕ್ಕೆ ತುಟಿಗೆ ಅಂಟುವಂಥ ಒಂದು ಜಿಗುಟು ಕೊಡುತ್ತೆ. ಅವಸರದಲ್ಲಿ ಅದು ಬರುವುದೇ ಇಲ್ಲ.

ಹಾಟ್‌ಪಾಟ್‌ನಲ್ಲಿ ಒಂದು ತೊಡಕು ಇದೆ. ಈ ಕುಕರ್‌ನಲ್ಲಿ ಮಾಂಸಕ್ಕಿಂತ ಆಲೂಗಡ್ಡೆಯೇ ನಿಧಾನ ಬೇಯುತ್ತೆ, ಅದರಲ್ಲೂ ಮೇಲೆ ಇಟ್ಟರೆ. ಹಾಗಾಗಿ ತೆಳ್ಳಗೆ ಹೆಚ್ಚಿ, ಐದು ನಿಮಿಷ ಬೇಯಿಸಿಕೊಂಡು ಜೋಡಿಸಬೇಕು. ಇನ್ನೊಂದು, ಮೇಲಿನ ಬಿಲ್ಲೆ ಕೆಂಪಾಗಲ್ಲ. ಸಂಜೆ ಬಂದು ಬೆಣ್ಣೆ ಸವರಿ, ಓವನ್‌ನಲ್ಲಿ ಮೇಲಿನಿಂದ ಕಾವು ಕೊಡುವ ಗ್ರಿಲ್ ಕೆಳಗೆ ಹತ್ತು ನಿಮಿಷ ಇಡುತ್ತೇನೆ. ನಮ್ಮ ಪಾತ್ರೆ ಓವನ್‌ಗೂ ಆಗುತ್ತೆ, ಎಲ್ಲದರದ್ದೂ ಆಗಲ್ಲ, ಕೊಳ್ಳುವಾಗ ಪುಸ್ತಕದಲ್ಲಿ ನೋಡಿಕೊಳ್ಳಿ. ಅಂಚಿನ ಬಿಲ್ಲೆಗಳು ಮೇಲಕ್ಕೆ ಸುರುಳಿಯಾಗಿ ಗರಿಗರಿ ಆಗುತ್ತವೆ, ನಡುವೆ ಕಂದು ರಸ ಗುಳು ಗುಳು ಅಂತ ಉಕ್ಕುತ್ತೆ. ಆ ಅಂಚಿಗೆ ನಮ್ಮಿಬ್ಬರಲ್ಲಿ ದಿನಾ ಪೈಪೋಟಿ.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಒಬ್ಬರಿದ್ದಾರೆ. ಬೇಲಿಯಾಚೆಯಿಂದ "ಟೀಗೆ ಏನು ಲವ್?" ಅಂತ ಕೇಳುತ್ತಾರೆ. ಈ ಕಡೆ ಟೀ ಅಂದ್ರೆ ಚಹಾ ಅಲ್ಲ, ಸಂಜೆಯ ಊಟ. ಲವ್ ಅಂದ್ರೆ ಅಕ್ಕರೆಯಿಂದ ಕರೆಯೋ ಮಾತು, ಅಷ್ಟೇ. ಡಂಪ್ಲಿಂಗ್ ಮಾಡೋದು ಅವರೇ ಕಲಿಸಿಕೊಟ್ಟಿದ್ದು. 100 ಗ್ರಾಂ ಸೆಲ್ಫ್ ರೈಸಿಂಗ್ ಹಿಟ್ಟಿಗೆ (ಬೇಕಿಂಗ್ ಪೌಡರ್ ಬೆರೆಸಿಯೇ ಬರುವ ಮೈದಾ) 50 ಗ್ರಾಂ ಸೂಯೆಟ್, ಚಿಟಿಕೆ ಉಪ್ಪು, ತಣ್ಣೀರು. ಸೂಯೆಟ್ ಅಂದ್ರೆ ಗಟ್ಟಿ ಕೊಬ್ಬಿನ ಪುಡಿ. 1893ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಶುರುವಾದ ಅಟೋರಾ ಇವತ್ತಿಗೂ ಎಲ್ಲ ಅಂಗಡಿಯಲ್ಲೂ ಸಿಗುತ್ತೆ, ಪ್ರಾಣಿಯ ಕೊಬ್ಬಿಲ್ಲದ ವೆಜಿಟೇಬಲ್ ಸೂಯೆಟ್ ಕೂಡ ಇದೆ. ನಾನು ಚಪಾತಿ ಹಿಟ್ಟಿನ ಹಾಗೆ ನಾದಲು ಹೊರಟಾಗ ಅಜ್ಜಿ ನನ್ನ ಕೈ ಹಿಡಿದು ನಿಲ್ಲಿಸಿದರು. ನಾದಲೇಬಾರದು. ಎರಡು ಬೆರಳಲ್ಲಿ ಒಟ್ಟು ಮಾಡಿ, ನಿಂಬೆ ಗಾತ್ರದ ಉಂಡೆ ಮಾಡಿ, ಹೈನಲ್ಲಿ ಕುದಿಯುತ್ತಿರುವ ಸ್ಟ್ಯೂ ಮೇಲೆ ಬಿಟ್ಟು ಮುಚ್ಚಿಬಿಡಬೇಕು. ಅರ್ಧ ಮುಕ್ಕಾಲು ಗಂಟೆಗೆ ಎರಡರಷ್ಟು ಉಬ್ಬುತ್ತವೆ. ಕೆಳಗಿನ ಅರ್ಧ ರಸ ಕುಡಿದು ಕಂದು, ಮೇಲಿನ ಅರ್ಧ ಕಡುಬಿನ ಹಾಗೆ ಬೆಳ್ಳಗೆ. ಒಂದು ತಟ್ಟೆ ಅವರಿಗೆ ಕೊಟ್ಟು ಬಂದೆ. ಮರುದಿನ ತಟ್ಟೆ ತೊಳೆದು ವಾಪಸ್ ಕೊಡುವಾಗ "ಇನ್ನೂ ಸ್ವಲ್ಪ ಉಪ್ಪು ಬೇಕಿತ್ತು" ಅಂದರು. ನಿಜ, ಬೇಕಿತ್ತು.

ಹುಳಿ ಇಲ್ಲದೆ ನಮಗೆ ಊಟ ಸೇರಲ್ಲ. ಅದಕ್ಕೂ ಇಲ್ಲೇ ದಾರಿ ಇದೆ. ವೂಸ್ಟರ್‌ಶೈರ್ ಸಾಸ್‌ನಲ್ಲಿ ಇರುವುದೇ ಹುಣಸೆಹಣ್ಣು, ವಿನೆಗರ್, ಬೆಲ್ಲದ ಪಾಕದಂಥ ಮೊಲಾಸಿಸ್, ಜೊತೆಗೆ ಆಂಚೊವಿ ಮೀನು. ಮೀನು ತಿನ್ನದವರಿಗೆ ಶೆಫೀಲ್ಡ್‌ನಲ್ಲೇ ತಯಾರಾಗುವ ಹೆಂಡರ್ಸನ್ಸ್ ರೆಲಿಶ್ ಇದೆ, ಕಿತ್ತಳೆ ಬಣ್ಣದ ಲೇಬಲ್. ಅದರಲ್ಲಿ ಹುಣಸೆ ಇದೆ, ಲವಂಗ ಇದೆ, ಮೀನು ಇಲ್ಲ. 1885ರಿಂದ ಈ ಊರಿನವರು ಸ್ಟ್ಯೂ, ಪೈ, ಚಿಪ್ಸ್ ಎಲ್ಲದಕ್ಕೂ ಸುರಿದುಕೊಳ್ಳುತ್ತಿದ್ದಾರೆ. ಬಡಿಸಿದ ಮೇಲೆ ನಾಲ್ಕು ಹನಿ ಹಾಕಿ, ಸ್ಟ್ಯೂಗೆ ಜೀವ ಬರುತ್ತೆ.

ಸಸ್ಯಾಹಾರಿಗಳಿಗೆ ನನ್ನ ಮೊದಲ ಸಲಹೆ ಪೀಸ್ ಪುಡ್ಡಿಂಗ್. ನ್ಯೂಕಾಸಲ್ ಕಡೆ ಈಗಲೂ ಎಲ್ಲರ ಮನೆಮಾತು. ಅಲ್ಲಿ ಹ್ಯಾಮ್ ಬೇಯಿಸಿದ ನೀರಲ್ಲಿ ಮಾಡುತ್ತಾರೆ, ಬೇಡವಾದರೆ ತರಕಾರಿ ಸ್ಟಾಕ್ ಸಾಕು. ಹಳದಿ ಬಟಾಣಿ ಬೇಳೆ ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಒಂದು ಈರುಳ್ಳಿ, ಒಂದು ಕ್ಯಾರೆಟ್, ಒಂದು ಬೇ ಎಲೆ ಹಾಕಿ ಲೋನಲ್ಲಿ ಎಂಟು ಗಂಟೆ. ಸಂಜೆ ಬೆಣ್ಣೆ, ಕಾಳುಮೆಣಸಿನ ಪುಡಿ ಹಾಕಿ ಕಡೆದರೆ ಗಟ್ಟಿ ತೊವ್ವೆಯೇ. ಮೊದಲ ತುತ್ತಿಗೇ ಇಬ್ಬರೂ ಮುಖ ಮುಖ ನೋಡಿಕೊಂಡೆವು. ಇಷ್ಟು ದೂರದ ಊರಲ್ಲಿ, ಬೇರೆಯವರ ಅಡುಗೆಯಲ್ಲಿ, ಮನೆಯ ರುಚಿ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಒಣ ರಾಜ್ಮಾ ನೇರವಾಗಿ ಇದಕ್ಕೆ ಹಾಕಬೇಡಿ. ಅದರಲ್ಲಿರುವ ವಿಷದ ಅಂಶ ಹೋಗುವಷ್ಟು ಬಿಸಿ ಇದರಲ್ಲಿ ಬರದೇ ಇರಬಹುದು. ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಒಲೆಯ ಮೇಲೆ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ ಆಮೇಲೆ ಹಾಕಿ. ಇಲ್ಲದಿದ್ದರೆ ಡಬ್ಬಿಯದು ತನ್ನಿ, ಅದು ಬೆಂದೇ ಇರುತ್ತೆ. ಹಾಲು, ಕ್ರೀಮ್ ಬೆಳಿಗ್ಗೆಯೇ ಸ್ಟ್ಯೂಗೆ ಹಾಕಿದರೆ ಒಡೆಯುತ್ತೆ, ಕೊನೆಗೆ ಹಾಕಿ. ಮುಚ್ಚಳ ತೆಗೆದು ಸುಮ್ನೆ ಇಣುಕಬೇಡಿ, ಪ್ರತಿ ಸಲವೂ ಕಾವು ಇಳಿದು ಅಡುಗೆ ತಡವಾಗುತ್ತೆ.

ಯಾರ್ಕ್‌ಷೈರ್ ಪುಡ್ಡಿಂಗ್, ಪೈ, ಗರಿಗರಿ ಬೇಕಾದ ಯಾವುದಕ್ಕೂ ಇದು ಆಗುವುದಿಲ್ಲ. ರೈಸ್ ಪುಡ್ಡಿಂಗ್ ಚೆನ್ನಾಗಿ ಬರುತ್ತೆ, ಬೆಣ್ಣೆ ಸವರಿದ ಪಾತ್ರೆಯಲ್ಲಿ ಹಾಲು, ಅಕ್ಕಿ, ಸಕ್ಕರೆ, ಜಾಯಿಕಾಯಿ ಹಾಕಿ ಹೈನಲ್ಲಿ ಮೂರು ಗಂಟೆ. ಆದರೆ ಓವನ್‌ನಲ್ಲಿ ಮಾಡಿದಾಗ ಮೇಲೆ ಕಟ್ಟುವ ಆ ಕಂದು ಕೆನೆ ಇಲ್ಲಿ ಕಟ್ಟಲ್ಲ. ಪಕ್ಕದ ಮನೆ ಅಜ್ಜಿಯ ಪ್ರಕಾರ ಕೆನೆ ಇಲ್ಲದ್ದು ರೈಸ್ ಪುಡ್ಡಿಂಗೇ ಅಲ್ಲ.

ಇನ್ನು ದೂರುಗಳು. ಟೈಮರ್ ಇಲ್ಲ. ಬಸ್ ತಡವಾದ ದಿನ ಹತ್ತೂವರೆ ಗಂಟೆ ಬೆಂದು ಕ್ಯಾರೆಟ್ ಎಲ್ಲ ಕರಗಿ ಹೋಗಿತ್ತು. ಪಾತ್ರೆ ಭಾರ, ಒದ್ದೆ ಕೈಯಲ್ಲಿ ಎತ್ತುವಾಗ ಎದೆ ಝಲ್ ಅನ್ನುತ್ತೆ. ಬಿಸಿ ಪಾತ್ರೆಗೆ ತಣ್ಣೀರು ಬಿಟ್ಟರೆ ಸೀಳುತ್ತೆ, ಆರಲು ಬಿಡಬೇಕು. ಫೆಬ್ರವರಿಯಲ್ಲಿ ಮುಚ್ಚಳ ಕೈಜಾರಿ ಒಡೆಯಿತು. ಕಂಪನಿಗೆ ಬರೆದರೆ ಬಿಡಿ ಮುಚ್ಚಳ ಮಾರುವುದಿಲ್ಲ, ಹೊಸ ಕುಕರ್ ಕೊಳ್ಳಿ ಅಂತ ಉತ್ತರ. ಚೆನ್ನಾಗಿರುವ ಪಾತ್ರೆಯನ್ನು ಒಂದು ಗಾಜಿನ ತುಂಡಿಗಾಗಿ ಎಸೆಯುವುದು ಯಾವ ನ್ಯಾಯ? ಕೊನೆಗೆ ದಾನ ಬಂದ ಹಳೇ ಸಾಮಾನು ಮಾರುವ ಚಾರಿಟಿ ಅಂಗಡಿಯಲ್ಲಿ ಎರಡು ಪೌಂಡಿಗೆ ಸರಿಯಾಗಿ ಕೂರುವ ಮುಚ್ಚಳ ಸಿಕ್ಕಿತು.

ಐದಕ್ಕೆ ನಾಲ್ಕು ಕೊಡುತ್ತೇನೆ. ಇಬ್ಬರಿಗೆ 3.5 ಲೀಟರ್ ಸಾಕು, ಮರುದಿನದ ಡಬ್ಬಿಗೂ ಉಳಿಯುತ್ತೆ. ಮಕ್ಕಳಿರುವ ಮನೆಗೆ ದೊಡ್ಡದೇ ಬೇಕು. ಹತ್ತು ಪೌಂಡ್ ಜಾಸ್ತಿ ಆದರೂ ಪರವಾಗಿಲ್ಲ, ಟೈಮರ್ ಇರುವುದನ್ನೇ ತನ್ನಿ. ದುಡ್ಡು ಕೊಡುವ ಮೊದಲು ಬಿಡಿ ಮುಚ್ಚಳ ಸಿಗುತ್ತಾ ಅಂತ ಕೇಳಿ.