13ನೇ ಪಂಚವಾರ್ಷಿಕ ಯೋಜನೆಯ ನೋಟ್ಸ್ ಮಾರುವವರಿದ್ದಾರೆ, ಹುಷಾರು!

ಕೆಎಎಸ್, ಪಿಎಸ್‌ಐ, ಎಫ್‌ಡಿಎ ಅಂತ ಓದುತ್ತಿರುವವರು ಇದನ್ನು ಪೂರ್ತಿ ಓದಿ. ಟೆಲಿಗ್ರಾಂನಲ್ಲಿ "ಭಾರತದ ಯೋಜನೆಗಳು, ಕಂಪ್ಲೀಟ್ ನೋಟ್ಸ್, 499 ರೂಪಾಯಿ ಮಾತ್ರ" ಅಂತ ಯಾರಾದರೂ ಬಂದರೆ ದುಡ್ಡು ಕೊಡಬೇಡಿ. ಕೊಡಲೇಬೇಡಿ.

ಇದೆಲ್ಲ ಹೇಗೆ ನಡೆಯುತ್ತೆ ಅಂತ ನಿಮಗೆ ಗೊತ್ತೇ ಇದೆ. ಮೊದಲು ಇನ್‌ಸ್ಟಾಗ್ರಾಂನಲ್ಲಿ ಒಂದು ರೀಲ್. ಬಯೋದಲ್ಲಿ ಲಿಂಕ್. ಅಲ್ಲಿಂದ ಟೆಲಿಗ್ರಾಂ ಚಾನೆಲ್, ಒಂದಷ್ಟು ಪುಕ್ಕಟೆ ಪಿಡಿಎಫ್. ಆ ಪುಕ್ಕಟೆ ಪಿಡಿಎಫ್ ಚೆನ್ನಾಗಿಯೇ ಇತ್ತು, ಸುಳ್ಳು ಯಾಕೆ ಹೇಳಲಿ. ಮೊದಲ ಯೋಜನೆ 1951ರಲ್ಲಿ, ಒತ್ತು ಕೃಷಿಗೆ. ಎರಡನೆಯದು ಸಂಖ್ಯಾಶಾಸ್ತ್ರಜ್ಞ ಮಹಲನೋಬಿಸ್ ಅವರ ಮಾದರಿ, ಒತ್ತು ಭಾರೀ ಕೈಗಾರಿಕೆಗೆ. 1966ರಿಂದ 69ರವರೆಗೆ ಯೋಜನಾ ರಜೆ, ಅಂದರೆ ಪಂಚವಾರ್ಷಿಕ ಯೋಜನೆ ಇಲ್ಲದ ವರ್ಷಗಳು. ಎಲ್ಲ ಸರಿ ಇತ್ತು. ನಂಬಿಕೆ ಬರೋದೇ ಹೀಗೆ ಅಲ್ವಾ? ಫೋನ್‌ಪೇ ಮಾಡಿದೆ.

ದುಡ್ಡಿಗೆ ಬಂದ ಫೈಲಿನ ಕೊನೆಯ ಅಧ್ಯಾಯ "13ನೇ ಪಂಚವಾರ್ಷಿಕ ಯೋಜನೆ, 2017-2022". ಗುರಿ, ಬೆಳವಣಿಗೆ ದರ, ಯಾವ ವಲಯಕ್ಕೆ ಎಷ್ಟು, ಎಲ್ಲಕ್ಕೂ ಬಣ್ಣದ ಟೇಬಲ್. ಅದನ್ನೇ ನಮ್ಮ ಸ್ಟಡಿ ಗುಂಪಿನಲ್ಲಿ ಬೋರ್ಡ್ ಮೇಲೆ ಬರೆದು ವಿವರಿಸುತ್ತಿದ್ದೆ. ಹಿಂದೆ ಕೂತಿದ್ದ ಹುಡುಗಿ ತಣ್ಣಗೆ ಕೇಳಿದಳು: "ಯೋಜನಾ ಆಯೋಗಾನೇ ಇಲ್ಲದ ಮೇಲೆ ಈ ಯೋಜನೆ ಮಾಡಿದ್ದು ಯಾರು?"

ಯಾರೂ ಅಲ್ಲ! ಪಂಚವಾರ್ಷಿಕ ಯೋಜನೆ ರೂಪಿಸುತ್ತಿದ್ದದ್ದೇ ಯೋಜನಾ ಆಯೋಗ; 2015ರ ಜನವರಿ 1ಕ್ಕೆ ಅದರ ಜಾಗಕ್ಕೆ ನೀತಿ ಆಯೋಗ ಬಂತು. 12ನೇ ಯೋಜನೆ 2017ರ ಮಾರ್ಚ್‌ಗೆ ಮುಗಿಯಿತು. 13ನೆಯದು ಬರಲೇ ಇಲ್ಲ. ಬಂದದ್ದು ಮೂರು ವರ್ಷದ ಕಾರ್ಯಸೂಚಿ. ಗುಂಪು ಗೊಳ್ಳೆಂದು ನಕ್ಕಿತು. ಡಸ್ಟರ್ ಕೈಯಲ್ಲೇ ಇತ್ತು, ಒರೆಸಲು ಕೈ ಏಳಲಿಲ್ಲ. ಇಲ್ಲದ ಯೋಜನೆಗೆ ಟೇಬಲ್ ಹಾಕಿ ಮಾರುತ್ತಾರೆ ಅಂದರೆ ಏನು ಧೈರ್ಯ ಇರಬೇಕು!

ಅಡ್ಮಿನ್‌ಗೆ ಮೆಸೇಜ್ ಹಾಕಿದೆ. "ಬ್ರೋ, ಅದು ಅಪ್‌ಡೇಟೆಡ್ ಸಿಲಬಸ್." ಯಾವ ಸಿಲಬಸ್ ಸ್ವಾಮಿ? "ನಮ್ಮ ನೋಟ್ಸ್ ಓದಿ ಜಾಬ್ ಆದವರು ಯಾರೂ ಹೀಗೆ ಕೇಳಿಲ್ಲ." ನೀತಿ ಆಯೋಗದ ಪುಟದ ಲಿಂಕ್ ಕಳಿಸಿದೆ. "ಪಿಡಿಎಫ್ ಓಪನ್ ಮಾಡಿದ ಮೇಲೆ ರೀಫಂಡ್ ಇರಲ್ಲ ಬ್ರೋ." ನಾನು ರೀಫಂಡ್ ಕೇಳಿಯೇ ಇರಲಿಲ್ಲ! ತಪ್ಪು ತಿದ್ದಿ, ತಗೊಂಡವರಿಗೆಲ್ಲ ಒಂದು ಮೆಸೇಜ್ ಹಾಕಿ ಅಂದಿದ್ದೆ, ಅಷ್ಟೇ. ಕೊನೆಯ ಉತ್ತರ: "ನೆಗೆಟಿವಿಟಿ ಬೇಡ, ಓದಿನ ಕಡೆ ಗಮನ ಕೊಡಿ." ಜೊತೆಗೆ ಕೈಮುಗಿಯುವ ಇಮೋಜಿ ಬೇರೆ. ಆಮೇಲೆ ಬ್ಲಾಕ್.

ಸಿಟ್ಟಿನಲ್ಲಿ ಉಳಿದ ಪುಟಗಳನ್ನೂ ಜಾಲಾಡಿದೆ. ಮಹತ್ವಾಕಾಂಕ್ಷಿ ಜಿಲ್ಲೆಗಳ ಭಾಗ, ಅದೇ 2018ರಲ್ಲಿ ಶುರುವಾಗಿ ಈಗ 112 ಜಿಲ್ಲೆಗಳಿರುವ, ನಮ್ಮ ರಾಯಚೂರು, ಯಾದಗಿರಿ ಸೇರಿರುವ, ಹಿಂದುಳಿದ ಜಿಲ್ಲೆಗಳನ್ನು ಮೇಲೆತ್ತುವ ಕಾರ್ಯಕ್ರಮ, ಸರ್ಕಾರಿ ದಾಖಲೆಯಿಂದ ಹಾಗೇ ಎತ್ತಿದ್ದು. ಮೇಲೆ ಚಾನೆಲ್ ಲೋಗೋ ಅಂಟಿಸಿದ್ದಾರೆ. ಝೂಮ್ ಮಾಡಿದರೆ ಅದರ ಅಂಚಿನಲ್ಲಿ ನೀತಿ ಆಯೋಗದ ಲೋಗೋ ಇಣುಕುತ್ತದೆ. ಅಂದರೆ ನಿಜ ಇದ್ದದ್ದು ಪುಕ್ಕಟೆ ಮಾಲು, ಇವರ ಸ್ವಂತದ್ದು ಪೂರ್ತಿ ಸುಳ್ಳು.

ರೀಲ್ ನೋಡಿ, ಬೇಡ ಅನ್ನಲ್ಲ. ಇಂಥದ್ದೊಂದು ಯೋಜನೆ ಇದೆ ಅಂತ ತಿಳಿಯೋಕೆ ಅಷ್ಟು ಸಾಕು. ಅಂಕಿ, ಇಸವಿ ಮಾತ್ರ ನೀತಿ ಆಯೋಗ, ಪಿಐಬಿ (ಕೇಂದ್ರ ಸರ್ಕಾರದ ಪತ್ರಿಕಾ ಮಾಹಿತಿ ಕಚೇರಿ), ಆರ್ಥಿಕ ಸಮೀಕ್ಷೆಯಲ್ಲೇ ನೋಡಿ. ಪೈಸೆ ಖರ್ಚಿಲ್ಲ. ದುಡ್ಡು ಕೇಳುವ ಅಡ್ಮಿನ್‌ಗೆ "ಈ ಅಂಕಿ ಎಲ್ಲಿಂದ ತಂದ್ರಿ?" ಅಂತ ಮೊದಲೇ ಕೇಳಿ. ಬ್ರೋ ಅಂತ ಶುರು ಮಾಡಿದರೆ ಅಲ್ಲಿಗೇ ಬಿಡಿ.

ಈಗ ಚಾನೆಲ್ ಹೆಸರು ಬದಲಾಗಿದೆ. ದನಿ ಅದೇ, ಕ್ಯೂಆರ್ ಕೋಡ್ ಕೂಡ ಅದೇ. ಈ ಸಲ "ವಿಕಸಿತ ಭಾರತ 2047, ಕಂಪ್ಲೀಟ್ ನೋಟ್ಸ್". ರೇಟು 599.