ಏಪ್ರಿಲ್‌ಗೆ ಕುದುರೆಮುಖ ಬುಕ್ ಮಾಡುತ್ತಿರುವ ಬಳ್ಳಾರಿಯವರೇ, ಸ್ವಲ್ಪ ತಡೀರಿ

ಬೇಸಿಗೆ ರಜೆ ಹತ್ತಿರ ಬಂತು ಅಂದರೆ ಸಾಕು, ನಮ್ಮ ಬಳ್ಳಾರಿಯ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಫೋಟೋ ಓಡಾಡಲು ಶುರುವಾಗುತ್ತದೆ. ಹಸಿರು ಗುಡ್ಡ, ಮೇಲೆ ನೀಲಿ ಆಕಾಶ, ಎರಡು ತುಂಡು ಬಿಳಿ ಮೋಡ. ಕೆಳಗೆ ಹಳದಿ ಅಕ್ಷರದಲ್ಲಿ ‘ಕುದುರೆಮುಖ ಟ್ರೆಕ್, ತಲೆಗೆ 2,800, ಊಟ ವಸತಿ ಜೀಪು ಎಲ್ಲ ಸೇರಿ’. ಕಳೆದ ವರ್ಷ ಮಾರ್ಚ್ ಕೊನೆಗೆ ಆ ಫೋಟೋ ನೋಡಿಯೇ ನಾನು ದುಡ್ಡು ಕಟ್ಟಿದ್ದು. ಆಮೇಲೆ ಎರಡು ಸಲ ಹೋದೆ. ಎರಡು ಸಲವೂ ತುದಿ ಕಾಣದೆ ವಾಪಸ್ ಬಂದೆ.

ನನ್ನದು ಕೌಲ್ ಬಜಾರ್ ಕಡೆ ಒಂದು ಸಣ್ಣ ಜೀನ್ಸ್ ಹೊಲಿಗೆ ಶೆಡ್. ಬಳ್ಳಾರಿಗೆ ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡು ಬೇಸಿಗೆ ಅಂತ ಹೊರಗಿನವರು ತಮಾಷೆ ಮಾಡುತ್ತಾರಲ್ಲ, ಏಪ್ರಿಲ್ ಮಧ್ಯಾಹ್ನ ತಗಡಿನ ಕೆಳಗೆ ಕೂತು ಹೊಲಿಯುವವರಿಗೆ ಅದು ತಮಾಷೆ ಅನ್ನಿಸುವುದಿಲ್ಲ. ಹಾಗಾಗಿ ನಮ್ಮ ಲೆಕ್ಕ ಸರಳ ಇತ್ತು. ಇಲ್ಲಿ ಬಿಸಿಲು ಜಾಸ್ತಿ ಆದಾಗ ಬೆಟ್ಟಕ್ಕೆ ಹೋಗಬೇಕು. ಮಕ್ಕಳಿಗೂ ಆಗಲೇ ರಜೆ. ಬೆಟ್ಟಕ್ಕೆ ಅದರದ್ದೇ ಒಂದು ಲೆಕ್ಕ ಇರುತ್ತದೆ ಅಂತ ಯಾರಿಗೆ ಗೊತ್ತಿತ್ತು?

ಆದರೂ ದುಡ್ಡು ಕಟ್ಟುವ ಮೊದಲು ಏಜೆಂಟನನ್ನು ಕೇಳಿದ್ದೆ. ‘ಏಪ್ರಿಲ್‌ನಲ್ಲಿ ಓಪನ್ ಇರುತ್ತಾ?’

‘ಅಣ್ಣಾ, ಅದು ಬೆಟ್ಟ. ಅದಕ್ಕೆ ಯಾರು ಬಾಗಿಲು ಹಾಕ್ತಾರೆ?’

ನನಗೂ ನಗು ಬಂತು. ನಗುನಗುತ್ತಲೇ 15,000 ಅಡ್ವಾನ್ಸ್ ಫೋನ್‌ಪೇ ಮಾಡಿದೆ. ಮನೆಯವರು, ಭಾವಮೈದನ ಸಂಸಾರ, ಶೆಡ್ಡಿನ ಕಟಿಂಗ್ ಮಾಸ್ಟರ್ ಸೇರಿ ಒಟ್ಟು ಒಂಬತ್ತು ಜನ. ರಾಷ್ಟ್ರೀಯ ಉದ್ಯಾನ ಅಂದಿದ್ದಕ್ಕೆ ನಮ್ಮವ್ವ ಲಾಲ್‌ಬಾಗ್ ಥರ ಇರುತ್ತದೆ ಅಂದುಕೊಂಡು ಹೊಸ ಸೀರೆ ತೆಗೆದಿಟ್ಟಿದ್ದಳು.

ರಾತ್ರಿ ಟಿಟಿ ಹತ್ತಿ ಚಿತ್ರದುರ್ಗ, ಕಡೂರು, ಚಿಕ್ಕಮಗಳೂರು ದಾಟಿ, ಬೆಳಿಗ್ಗೆ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಕಳಸ ಹಾದು ಸಂಸೆ ಮುಟ್ಟಿದೆವು. ಅಲ್ಲಿಂದ ಮುಂದೆ ಬಾಳೆಗಲ್‌ನಲ್ಲಿ ಜೀಪು ಹಿಡಿದು ಮುಳ್ಳೋಡಿಗೆ ಹೋಗಬೇಕು, ನಡಿಗೆ ಶುರುವಾಗುವುದು ಅಲ್ಲಿಂದ. ಜೀಪಿನವರು ಮರದ ಕೆಳಗೆ ಸುಮ್ನೆ ಕೂತಿದ್ದರು. ನಮ್ಮ ಟಿಟಿ ನೋಡಿಯೂ ಒಬ್ಬರೂ ಏಳಲಿಲ್ಲ. ನನಗೆ ಅಲ್ಲೇ ಅನುಮಾನ ಬಂತು.

‘ಎಂಥ ಮಾರಾಯ್ರೆ, ಯಾರು ಹೇಳಿದ್ದು ನಿಮಗೆ? ಟ್ರೆಕ್ಕಿಂಗ್ ಬಂದ್ ಆಗಿ ಎರಡು ತಿಂಗಳಾಯ್ತು. ಬೆಂಕಿ ಸೀಸನ್ ಅಲ್ವಾ ಇದು.’

ಬೆಂಕಿ ಸೀಸನ್ ಅನ್ನುವ ಮಾತೇ ನಾನು ಕೇಳಿರಲಿಲ್ಲ. ಅರಣ್ಯ ಇಲಾಖೆಯ ವಾಚರ್ ಒಬ್ಬರು ತಾಳ್ಮೆಯಿಂದ ತಿಳಿಸಿ ಹೇಳಿದರು. ಅಲ್ಲಿನ ಗುಡ್ಡಗಳ ಮೈಮೇಲೆ ಇರುವುದು ಹುಲ್ಲು. ಕಣಿವೆಯ ಸಂದಿಗಳಲ್ಲಿ ಮಾತ್ರ ದಟ್ಟ ಕಾಡು, ಅದಕ್ಕೆ ಶೋಲಾ ಅನ್ನುತ್ತಾರೆ. ಜನವರಿ ಕಳೆಯಿತು ಅಂದರೆ ಆ ಹುಲ್ಲು ಒಣಗಿ ನಮ್ಮ ಕಡೆಯ ಜೋಳದ ಸೊಪ್ಪೆ ಥರ ಆಗುತ್ತದೆ. ಒಂದು ಬೀಡಿ ತುಂಡು ಬಿದ್ದರೆ ಗಾಳಿಗೆ ಗುಡ್ಡವೇ ಹೊತ್ತಿಕೊಳ್ಳುತ್ತದೆ. ಅದಕ್ಕೇ ಬೇಸಿಗೆಯಲ್ಲಿ ಚಾರಣ ಬಂದ್ ಮಾಡಿ, ಮಳೆ ಬಿದ್ದು ನೆಲ ತೊಯ್ದ ಮೇಲೆ ತೆಗೆಯುತ್ತಾರೆ. ಅವರು ಕೈ ತೋರಿಸಿದ ಕಡೆ ನೋಡಿದೆ. ಗುಡ್ಡವೆಲ್ಲ ಬೂದು ಹಳದಿ. ನಡುವೆ ಕ್ಷೌರ ಮಾಡಿದ ಹಾಗೆ ಕರಿ ಪಟ್ಟಿ, ಬೆಂಕಿ ದಾಟದಿರಲಿ ಅಂತ ಅವರೇ ಮೊದಲು ಸುಟ್ಟು ಬಿಟ್ಟಿದ್ದು. ಧೂಳು ಮಬ್ಬು ಬೇರೆ. ದುಡ್ಡು ಕೊಟ್ಟ ಫೋಟೋದ ಒಂದು ಎಲೆಯೂ ಅಲ್ಲಿರಲಿಲ್ಲ.

ಏಜೆಂಟ್ ಮೂರನೇ ಸಲಕ್ಕೆ ಫೋನ್ ಎತ್ತಿದ. ಸಾರಿ ಗೀರಿ ಏನೂ ಇಲ್ಲ. ‘ಟೆನ್ಶನ್ ಬ್ಯಾಡ ಅಣ್ಣಾ, ನಮ್ಮ ಹುಡುಗ ಒಬ್ಬ ಇದಾನೆ, ಬೆಳಗಿನ ಜಾವ ನಾಲ್ಕಕ್ಕೆ ಬೇರೆ ದಾರೀಲಿ ಹತ್ತಿಸ್ತಾನೆ’ ಅಂದ. ಇದನ್ನು ಮಾತ್ರ ದಯವಿಟ್ಟು ಯಾರೂ ಒಪ್ಪಿಕೊಳ್ಳಬೇಡಿ. ಅದು 1987ರಲ್ಲೇ ರಾಷ್ಟ್ರೀಯ ಉದ್ಯಾನ ಅಂತ ಘೋಷಣೆಯಾದ ಕಾಡು. ಅನುಮತಿ ಇಲ್ಲದೆ ಒಳಗೆ ಕಾಲಿಟ್ಟರೆ 1972ರ ವನ್ಯಜೀವಿ ಕಾಯ್ದೆಯಡಿ ಕೇಸ್ ಆಗುತ್ತದೆ. ಸಿಕ್ಕಿಬಿದ್ದರೆ ಕೇಸ್ ನಿಮ್ಮ ಮೇಲೆ, ಏಜೆಂಟನ ಮೇಲಲ್ಲ. ಅವನು ಬಳ್ಳಾರಿಯಲ್ಲಿ ಕೂಲರ್ ಮುಂದೆ ಕೂತಿರುತ್ತಾನೆ.

ಹೊರನಾಡಿಗೆ ಹೋಗಿ ಅನ್ನಪೂರ್ಣೇಶ್ವರಿ ದರ್ಶನ ಮಾಡಿ, ಊಟ ಮಾಡಿ, ಕಳಸೇಶ್ವರನಿಗೆ ಕೈ ಮುಗಿದು ವಾಪಸ್ ಬಂದೆವು. ಹೊಸ ಸೀರೆ ಉಪಯೋಗಕ್ಕೆ ಬಂತು. ಇಡೀ ಟ್ರಿಪ್ಪಿನಲ್ಲಿ ಖುಷಿಯಾಗಿದ್ದವಳು ಅವ್ವ ಒಬ್ಬಳೇ.

ಅಡ್ವಾನ್ಸ್ ಕೇಳಿದರೆ ‘ರಿಫಂಡ್ ಇಲ್ಲ, ಜುಲೈಗೆ ಅಡ್ಜಸ್ಟ್ ಮಾಡ್ತೀನಿ, ಮಳೇಲಿ ಸ್ವರ್ಗ ಅಣ್ಣಾ’ ಅಂದ. ಜುಲೈನಲ್ಲಿ ಮಕ್ಕಳಿಗೆ ಸ್ಕೂಲು. ಹೋದದ್ದು ನಾಲ್ಕೇ ಜನ: ನಾನು, ಭಾವಮೈದ, ಅವನ ಡಿಗ್ರಿ ಓದುವ ಮಗ, ಕಟಿಂಗ್ ಮಾಸ್ಟರ್. ಈಗ ತಲೆಗೆ 3,500, ಸೀಸನ್ ರೇಟು ಅಂತೆ. ಅಲ್ಲಿಗೆ 14,000. ಉಳಿದ ಸಾವಿರ ಎಲ್ಲಿ ಅಂದರೆ ‘ಅದು ಹೋದ ಸಲದ ಜೀಪಿಂದು’ ಅಂದ. ಹೋದ ಸಲ ನಾವು ಜೀಪ್ ಹತ್ತಿಯೇ ಇರಲಿಲ್ಲ. ಜಗಳ ಮಾಡಬೇಕಿತ್ತು, ಮಾಡಲಿಲ್ಲ. ಇಲ್ಲಿ ತಪ್ಪು ನನ್ನದೂ ಇದೆ.

ನಮಗೆ ಮಳೆ ಅಂದರೆ ಏನು? ಗುಡುಗಿ, ಅರ್ಧ ಗಂಟೆ ಹೊಡೆದು, ಚರಂಡಿ ತುಂಬಿ, ನಿಂತುಹೋಗುವುದು. ಬಳ್ಳಾರಿಯಲ್ಲಿ ವರ್ಷಕ್ಕೆ ಬೀಳುವುದು 500 ಮಿಲಿಮೀಟರ್ ಚಿಲ್ಲರೆ. ಆಗುಂಬೆ, ಕುದುರೆಮುಖದ ಕಡೆ 6,000-7,000. ಅದರಲ್ಲೂ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಅರಬ್ಬೀ ಸಮುದ್ರದ ಮೋಡಗಳು ಘಟ್ಟಕ್ಕೆ ಬಡಿದು ಅಲ್ಲೇ ಖಾಲಿಯಾಗುತ್ತವೆ, ನಮ್ಮ ಕಡೆ ಬರುವಷ್ಟರಲ್ಲಿ ಗಾಳಿ ಅಷ್ಟೇ ಉಳಿದಿರುತ್ತದೆ. ಈ ವ್ಯತ್ಯಾಸ ನನಗೆ ಮೊದಲು ಗೊತ್ತಾಗಿದ್ದು ಕಟಕ್ ರೊಟ್ಟಿಯಿಂದ. ಮನೆಯಲ್ಲಿ ಎರಡು ವಾರ ಇಟ್ಟರೂ ಸಪ್ಪಳ ಮಾಡುವ ರೊಟ್ಟಿ, ಸಂಸೆಯ ಹೋಮ್‌ಸ್ಟೇನಲ್ಲಿ ಒಂದು ರಾತ್ರಿಗೆ ಕರವಸ್ತ್ರದ ಥರ ಮಡಚಿಕೊಂಡಿತು. ಶೇಂಗಾ ಚಟ್ನಿಪುಡಿ ಗಂಟು ಕಟ್ಟಿತ್ತು.

ಇನ್ನೊಂದು ದೊಡ್ಡ ತಪ್ಪು ನಾವು ಹಾಕಿಕೊಂಡಿದ್ದ ಬಟ್ಟೆ. ಜೀನ್ಸ್ ಹೊಲಿಯುವವರು ಜೀನ್ಸ್ ಬಿಟ್ಟು ಬೇರೇನು ಹಾಕುತ್ತೇವೆ? ಹನ್ನೆರಡು ಔನ್ಸಿನ ಬಟ್ಟೆ, ಅದೂ ಇನ್ನೂ ವಾಷಿಂಗ್‌ಗೆ ಹೋಗದ ಪೀಸು. ನಡೆಯಲು ಶುರು ಮಾಡಿ ಅರ್ಧ ಗಂಟೆಗೆ ಕಾಲಿಗೆ ಮರಳಿನ ಚೀಲ ಕಟ್ಟಿದ ಹಾಗಾಯಿತು. ತೊಡೆ ಸಂದಿ ಉಜ್ಜಿ ಉಜ್ಜಿ ಉರಿ. ಬಿಚ್ಚಿ ನೋಡಿದರೆ ಕಾಲು ಪೂರ್ತಿ ಇಂಡಿಗೋ ನೀಲಿ. ಆ ನೀಲಿಯ ಮೇಲೆ ಅಲ್ಲಲ್ಲಿ ಕೆಂಪು ಗೆರೆ, ಅದು ಇಂಬಳದ ಕೆಲಸ.

ನಾವು ಜಿಗಣೆ ಅಂದರೆ ಕೆರೆಯಲ್ಲಿ ಇರುತ್ತದೆ ಅಂದುಕೊಂಡವರು. ಮಲೆನಾಡಿನ ಇಂಬಳ ಹುಲ್ಲಿನ ತುದಿಯಲ್ಲಿ ನಿಂತು ಕಾಯುತ್ತದೆ. ಸೂಜಿದಾರದಷ್ಟು ಸಣ್ಣ. ಕಾಲ್ಚೀಲದ ಒಳಗೆ ಹೋಗಿ, ಕುಡಿದು, ಕಡ್ಲೆಕಾಯಿ ಗಾತ್ರ ಆದ ಮೇಲೆ ಬಿದ್ದುಹೋಗುತ್ತದೆ. ನೋವಾಗುವುದಿಲ್ಲ. ಅದು ಕಚ್ಚಿದ ಕಡೆ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುವುದರಿಂದ ಸೋರುವುದು ಮಾತ್ರ ಬೇಗ ನಿಲ್ಲುವುದಿಲ್ಲ. ಅಪಾಯ ಏನಿಲ್ಲ, ಕಿತ್ತು ಎಳೆಯಬೇಡಿ, ಉಪ್ಪು ಇಟ್ಟರೆ ಬಿಡುತ್ತದೆ. ಹುಡುಗನ ಎರಡು ಕಾಲಿನಿಂದ ಇಪ್ಪತ್ಮೂರು ತೆಗೆದೆವು. ಇಪ್ಪತ್ತರ ಮೇಲೆ ಅವನು ಎಣಿಸುವುದನ್ನು ಬಿಟ್ಟ, ಮಾಸ್ಟರ್ ಮುಂದುವರಿಸಿದರು.

ಇದೆಲ್ಲ ನಗುವ ಮಾತಾಯಿತು. ಹಳ್ಳದ ಮಾತು ಹಾಗಲ್ಲ. ತುದಿಗೆ ಹೋಗಿ ಬರಲು ಹತ್ತಿರ ಹತ್ತಿರ 20 ಕಿಲೋಮೀಟರ್, ದಾರಿಯಲ್ಲಿ ಹಳ್ಳಗಳನ್ನು ದಾಟಬೇಕು. ಹೋಗುವಾಗ ಮೊಣಕಾಲವರೆಗೆ ಇದ್ದ ನೀರು. ಒಂಟಿಮರ ಅನ್ನುವ ಜಾಗಕ್ಕೆ ಬರುವಷ್ಟರಲ್ಲಿ ಮಂಜು ಎಷ್ಟಿತ್ತು ಅಂದರೆ ಹತ್ತು ಹೆಜ್ಜೆ ಮುಂದಿದ್ದ ಗೈಡ್ ಕಾಣುತ್ತಿರಲಿಲ್ಲ. ಗಾಳಿಗೆ ರೇನ್‌ಕೋಟ್ ಹರಿಯಿತು. ಗೈಡ್ ನಿಂತು, ಮೇಲೆ ನೋಡಿ, ‘ಸಾಕು, ತಿರುಗುವ’ ಅಂದರು. ‘ಇಷ್ಟು ದೂರ ಬಂದಿದೀವಿ, ಇನ್ನೊಂದು ಸ್ವಲ್ಪ ಹೋಗೋಣ ರೀ’ ಅಂತ ಭಾವಮೈದ ವಾದ ಮಾಡಿದ. ಅವರು ವಾದ ಮಾಡಲಿಲ್ಲ, ಸುಮ್ನೆ ಕೆಳಗೆ ಇಳಿಯತೊಡಗಿದರು.

ವಾಪಸ್ ಬರುವಾಗ ಅದೇ ಹಳ್ಳ ಸೊಂಟಕ್ಕೆ ಬಂದಿತ್ತು. ಬಣ್ಣ ಬದಲಾಗಿತ್ತು, ಸದ್ದೂ ಬದಲಾಗಿತ್ತು. ಒಳಗೆ ಕಲ್ಲು ಉರುಳುವ ಸದ್ದು. ಒಬ್ಬರ ಮಣಿಕಟ್ಟು ಇನ್ನೊಬ್ಬರು ಹಿಡಿದು ಸಾಲಾಗಿ ದಾಟಿದೆವು. ಬೆರಳು ಹಿಡಿಯಬೇಡಿ, ಮಣಿಕಟ್ಟು ಹಿಡಿಯಿರಿ ಅಂತ ಗೈಡ್ ಕೂಗುತ್ತಿದ್ದರು. ನಡುವೆ ಭಾವಮೈದನ ಕಾಲು ಜಾರಿತು. ಒಂದು ಕ್ಷಣ ಅವನ ಪೂರ್ತಿ ಭಾರ, ಆ ನೆಂದ ಜೀನ್ಸಿನ ಭಾರ ಸಹಿತ, ನನ್ನ ಎಡಗೈ ಮೇಲೆ. ಗೈಡ್ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲು ನನಗೆ ಇಷ್ಟವಿಲ್ಲ. ಅವನ ಫೋನು ಹೋಯಿತು. ಮನೆಯಲ್ಲಿ ಇವತ್ತಿಗೂ ‘ಫೋನು ಬಿದ್ದುಹೋಯಿತು’ ಅಂತ ಮಾತ್ರ ಹೇಳಿದ್ದೇವೆ. ತಂಗಿ ಇದನ್ನು ಓದಿದರೆ ಗೊತ್ತಾಗುತ್ತದೆ, ಆಗಲಿ ಬಿಡಿ.

ಸಂಜೆ ಹೋಮ್‌ಸ್ಟೇ ಅಕ್ಕನ ಒಲೆ ಹತ್ತಿರ ಪ್ಯಾಂಟುಗಳನ್ನು ಹರವಿ ಕೂತಿದ್ದೆವು. ನಾನು ಆ ಜಾಹೀರಾತು ಫೋಟೋ ತೋರಿಸಿದೆ. ‘ಅಕ್ಕಾ, ಇದು ಇಲ್ಲಿಯದೇನಾ?’ ಅವರು ಕನ್ನಡಕ ಹಾಕಿಕೊಂಡು ಫೋಟೋವನ್ನು ದೊಡ್ಡದು ಮಾಡಿ ನೋಡಿದರು. ಗುಡ್ಡ ನೋಡಲಿಲ್ಲ, ಹುಲ್ಲು ನೋಡಿದರು.

‘ಇಲ್ಲಿಯದೇ. ಆದ್ರೆ ಇದು ಅಕ್ಟೋಬರ್ದು ಮಾರಾಯ್ರೆ. ಹುಲ್ಲು ಬೆಳೆದು ತೆನೆ ಬಿಟ್ಟಿದೆ ನೋಡಿ, ತುದಿ ಇನ್ನೂ ಹಳದಿ ಆಗ್ಲಿಲ್ಲ. ನೀವು ಪುನರ್ವಸು, ಪುಷ್ಯ ಮಳೇಲಿ ಬಂದು ಆಕಾಶ ಎಲ್ಲಿ ಅಂದ್ರೆ ಎಲ್ಲಿಂದ ಕೊಡೋದು?’

ನನಗೆ ಇಡೀ ವಿಷಯ ಅರ್ಥವಾಗಿದ್ದು ಆಗ. ಆ ಫೋಟೋದಲ್ಲಿ ಎರಡು ಸಂಗತಿ ಇವೆ, ಹಸಿರು ಮತ್ತು ನೀಲಿ. ಜುಲೈನಲ್ಲಿ ಹಸಿರು ಇರುತ್ತದೆ, ಆಕಾಶ ಇರುವುದಿಲ್ಲ. ಜನವರಿಯಲ್ಲಿ ಆಕಾಶ ಇರುತ್ತದೆ, ಹಸಿರು ಹೋಗಿ ಹುಲ್ಲು ಚಿನ್ನದ ಬಣ್ಣಕ್ಕೆ ತಿರುಗಿರುತ್ತದೆ. ಏಪ್ರಿಲ್‌ನಲ್ಲಿ ಎರಡೂ ಇಲ್ಲ, ಜೊತೆಗೆ ಬಾಗಿಲೂ ಹಾಕಿರುತ್ತದೆ. ಎರಡೂ ಒಟ್ಟಿಗೆ ಸಿಗುವುದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ಕೆಲವೇ ವಾರ. ಅಕ್ಟೋಬರಿನಲ್ಲೂ ಮಧ್ಯಾಹ್ನದ ಮೇಲೆ ಗುಡುಗು ಮಳೆ ಬರಬಹುದು, ಬೆಳಿಗ್ಗೆ ಬೇಗ ಹೊರಟವರೇ ಜಾಣರು. ಹಸಿರು ಬೇಡ, ದೂರದವರೆಗೆ ಬೆಟ್ಟದ ಸಾಲು ಕಂಡರೆ ಸಾಕು, ಚಳಿ ಪರವಾಗಿಲ್ಲ ಅನ್ನುವವರಿಗೆ ಡಿಸೆಂಬರ್ ಒಳ್ಳೆಯದು ಅಂತಲೂ ಅಕ್ಕ ಹೇಳಿದರು. ಹಳ್ಳದಲ್ಲಿ ನೀರೂ ಕಮ್ಮಿ.

ನಮ್ಮ ತೊಂದರೆ ಏನಂದರೆ, ಆ ವಾರಗಳಲ್ಲೇ ದಸರಾ, ದೀಪಾವಳಿ ಆರ್ಡರು. ಶೆಡ್ಡಿನಲ್ಲಿ ರಾತ್ರಿ ಪಾಳಿ ನಡೆಯುತ್ತಿರುತ್ತದೆ. ಬೆಟ್ಟ ಚೆನ್ನಾಗಿರುವಾಗ ನಮಗೆ ಪುರುಸೊತ್ತಿಲ್ಲ, ನಮಗೆ ಪುರುಸೊತ್ತು ಇರುವಾಗ ಬೆಟ್ಟ ಚೆನ್ನಾಗಿಲ್ಲ. ಅದಕ್ಕೇ ಇಂಥ ಏಜೆಂಟರ ವ್ಯಾಪಾರ ನಡೆಯುತ್ತದೆ ಅನ್ನಿಸುತ್ತದೆ.

ಈಗ ಬುಕ್ ಮಾಡುವವರು ಒಂದು ಕೆಲಸ ಮಾಡಿ. ಅರಣ್ಯ ಇಲಾಖೆಯದೇ ‘ಅರಣ್ಯ ವಿಹಾರ’ ಅನ್ನುವ ಆನ್‌ಲೈನ್ ಬುಕಿಂಗ್ ಇದೆ. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಜನ ಜಾತ್ರೆಯ ಹಾಗೆ ನುಗ್ಗಿದ ಮೇಲೆ ಬಿಗಿ ಮಾಡಿದ್ದು ಇದು. ಕುದುರೆಮುಖಕ್ಕೆ ದಿನಕ್ಕೆ 300 ಜನಕ್ಕೆ ಮಾತ್ರ ಅವಕಾಶ, ಅಕ್ಟೋಬರಿನ ಶನಿವಾರ, ಭಾನುವಾರ ಬೇಗ ತುಂಬುತ್ತದೆ. ಬಂದ್ ಇರುವ ದಿನಕ್ಕೆ ಅಲ್ಲಿ ಟಿಕೆಟ್ಟೇ ಸಿಗುವುದಿಲ್ಲ. ಹಾಗಾಗಿ ಏಜೆಂಟ್ ಎಷ್ಟೇ ಸಿಹಿ ಮಾತಾಡಲಿ, ‘ನನ್ನ ಹೆಸರಿನ ಇಲಾಖೆಯ ಟಿಕೆಟ್ ಮೊದಲು ಕಳಿಸು, ಆಮೇಲೆ ದುಡ್ಡು’ ಅನ್ನಿ. ಹೋಮ್‌ಸ್ಟೇಗೆ ನೀವೇ ಒಂದು ಫೋನ್ ಮಾಡಿ, ‘ಹೋದ ವಾರ ಯಾರಾದ್ರೂ ತುದಿಗೆ ಹೋಗಿ ಬಂದ್ರಾ?’ ಅಂತ ಕೇಳಿ. ಜೋರು ಮಳೆ ಇದ್ದಾಗ ಟಿಕೆಟ್ ಇದ್ದರೂ ನಿಲ್ಲಿಸುತ್ತಾರೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಮಳೆಗಾಲದಲ್ಲಿ ವಯಸ್ಸಾದವರ ಜೊತೆ ಹೋಗಲೇಬೇಕು ಅಂದರೆ ಹತ್ತುವ ಯೋಚನೆ ಬಿಟ್ಟು ಕಾಡಿನ ಮಧ್ಯದ ರಸ್ತೆಯಲ್ಲಿ ಗಾಡಿಯಲ್ಲಿ ಹೋಗಿ ಬನ್ನಿ. ಚೆಕ್‌ಪೋಸ್ಟಿನಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ, ನಡುವೆ ನಿಲ್ಲಿಸಿಕೊಂಡು ಕೂತರೆ ಆ ಕಡೆ ಲೆಕ್ಕ ಕೇಳುತ್ತಾರೆ. ಮತ್ತೆ, ಜೀನ್ಸ್ ಬೇಡ. ಹೊಲಿಯುವವನೇ ಹೇಳುತ್ತಿದ್ದೇನೆ.

ಮೊನ್ನೆ ಮಾರ್ಚ್ ಎರಡನೇ ವಾರ ಗ್ರೂಪಿನಲ್ಲಿ ಮತ್ತೆ ಅದೇ ಫೋಟೋ ಬಂತು. ಅದೇ ಎರಡು ತುಂಡು ಮೋಡ. ‘ಏಪ್ರಿಲ್ ಸ್ಪೆಷಲ್, ತಂಪು ತಂಪು ಕುದುರೆಮುಖ, ತಲೆಗೆ 3,200.’ ಒಂಬತ್ತು ಜನ ಕೈ ಎತ್ತಿದ್ದರು. ನಾನು ಕೆಳಗೆ ‘ಈ ಫೋಟೋ ಯಾವ ತಿಂಗಳದ್ದು?’ ಅಂತ ಕೇಳಿದೆ. ನೀಲಿ ಟಿಕ್ ಬಂತು. ಐದು ನಿಮಿಷಕ್ಕೆ ನನ್ನನ್ನು ಗ್ರೂಪಿನಿಂದ ತೆಗೆದುಹಾಕಿದ್ದರು.